ಎಳೆ ವಯಸ್ಸಿನ ಕೀಲುನೋವಿಗೆ ಕಾರಣ ಪತ್ತೆಯಾಗಲಿ

ರೋಗಾಣುಗಳ ವಿರುದ್ಧ ಹೋರಾಡಬೇಕಾದ ದೇಹದ ರೋಗನಿರೋಧಕ ಶಕ್ತಿ ಸ್ವಂತ ಅಂಗಾಂಗಗಳ ಮೇಲೆಯೇ ತಿರುಗಿಬಿದ್ದಾಗ ಹುಟ್ಟುವ ರೋಗಗಳಿಗೆ ಆಟೋಇಮ್ಯೂನ್ ಕಾಯಿಲೆಗಳೆಂದು ಹೆಸರು. ಕೀಲುಗಳನ್ನು ಕೆಡಿಸುವ ರುಮಟಾಯ್ಡ್ ಸಂಧಿವಾತ, ಚರ್ಮದಿಂದ ಮೂತ್ರಪಿಂಡದವರೆಗೆ ಯಾವ ಅಂಗವನ್ನೂ ಬಿಡದ ಲೂಪಸ್, ಥೈರಾಯ್ಡ್ ಗ್ರಂಥಿಯ ಕೆಲಸವನ್ನು ಕುಗ್ಗಿಸುವ ಹಾಶಿಮೊಟೊ ಕಾಯಿಲೆ, ಟೈಪ್ 1 ಸಕ್ಕರೆ ಕಾಯಿಲೆ ಈ ಗುಂಪಿನವು. ಇವು ಅಂಟುರೋಗಗಳಲ್ಲ. ಲೂಪಸ್ ಬಂದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೆಂಗಸರು. ಬಹುಪಾಲು ಜನರಿಗೆ ಅದು ಕಾಣಿಸಿಕೊಳ್ಳುವುದು 15ರಿಂದ 45ರ ನಡುವೆ, ಅಂದರೆ ಓದು, ದುಡಿಮೆ, ಮದುವೆ, ಹೆರಿಗೆಯ ವಯಸ್ಸಿನಲ್ಲಿ. ಕೌದಳ್ಳಿ, ರಾಮಾಪುರ, ಹನೂರು, ಕೊಳ್ಳೇಗಾಲ, ಯಳಂದೂರು ಭಾಗದ ಪ್ರತಿ ಮನೆಗೂ ಈ ಮನವಿ: ಹರೆಯದವರ ಬಹುದಿನದ ನೋವು, ನಿತ್ರಾಣಗಳಿಗೆ ನೋವಿನ ಗುಳಿಗೆ ಕೊಟ್ಟು ಸುಮ್ಮನಾಗದೆ ಕಾರಣ ಹುಡುಕಿಸಬೇಕು.

ಈ ಕಾಯಿಲೆಗಳು ಬೇಗ ಪತ್ತೆಯಾಗದಿರಲು ಮೊದಲ ಕಾರಣ ವಯಸ್ಸು. ಇಪ್ಪತ್ತರ ಹುಡುಗಿ ಸುಸ್ತು ಎಂದರೆ ಸರಿಯಾಗಿ ಉಣ್ಣುವುದಿಲ್ಲ, ರಕ್ತ ಕಡಿಮೆ, ಕೆಲಸಗಳ್ಳತನ ಎಂಬ ಮಾತುಗಳೇ ಮುಂದೆ ಬರುತ್ತವೆ. ಎರಡನೆಯ ಕಾರಣ, ಕಾಯಿಲೆ ಒಮ್ಮೆ ಕೆರಳಿ ಒಮ್ಮೆ ತಣಿಯುತ್ತದೆ. ವೈದ್ಯರ ಬಳಿ ಹೋಗುವ ದಿನ ಕೀಲಿನ ಊತ ಇಳಿದಿರುತ್ತದೆ. ಮೂರನೆಯದು, ಗಂಧೆಗೆ ಚರ್ಮದ ವೈದ್ಯರು, ಬಾಯಿಹುಣ್ಣಿಗೆ ಹಲ್ಲಿನ ವೈದ್ಯರು, ಮಂಡಿಗೆ ಮೂಳೆ ವೈದ್ಯರು ಎಂದು ಒಂದೇ ರೋಗ ಹಲವು ಕಡೆ ಹಂಚಿಹೋಗುತ್ತದೆ. ಎಲ್ಲವನ್ನೂ ಒಟ್ಟಿಗೆ ಕೇಳಿಸಿಕೊಂಡವರು ಯಾರೂ ಇರುವುದಿಲ್ಲ.

ಲಕ್ಷಣಗಳನ್ನು ಗುರುತಿಸುವುದು ಮನೆಯವರಿಗೆ ಕಷ್ಟವಲ್ಲ. ಹೊಲದಲ್ಲಿ ದುಡಿದವರ ಮೈಕೈ ನೋವು ರಾತ್ರಿ ಮಲಗಿ ಎದ್ದರೆ ಇಳಿಯುತ್ತದೆ. ರುಮಟಾಯ್ಡ್ ಸಂಧಿವಾತದ ನೋವು ಇದಕ್ಕೆ ತದ್ವಿರುದ್ಧ: ಬೆಳಿಗ್ಗೆ ಏಳುವಾಗ ಬೆರಳುಗಳು ಮಡಚಲಾಗದಂತೆ ಬಿಗಿದುಕೊಂಡಿರುತ್ತವೆ, ಜಡೆ ಹೆಣೆಯಲು, ಹಸುವಿನ ಹಾಲು ಕರೆಯಲು, ಚೊಂಬು ಹಿಡಿಯಲು ಆಗುವುದಿಲ್ಲ, ಅರ್ಧ ಗಂಟೆ, ಒಂದು ಗಂಟೆ ಕೈ ಆಡಿಸಿದ ಮೇಲೆ ಸಡಿಲವಾಗುತ್ತವೆ. ಎರಡೂ ಕೈಗಳ ಬೆರಳ ಬುಡ, ಮಣಿಕಟ್ಟುಗಳು ಊದಿ, ಅದು ಆರು ವಾರ ದಾಟಿದರೆ ತಡಮಾಡಬಾರದು. ಬಿಸಿಲಿಗೆ ಹೋದರೆ ಕೆನ್ನೆ, ಮೂಗಿನ ಮೇಲೆ ಕೆಂಪಾಗುವುದು, ಮಾಯದ ಬಾಯಿಹುಣ್ಣು, ಕಾರಣವಿಲ್ಲದ ಜ್ವರ, ಗೊಂಚಲು ಗೊಂಚಲಾಗಿ ಕೂದಲು ಉದುರುವುದು ಲೂಪಸ್‌ನ ಸುಳಿವುಗಳು. ಮುಖ ಊದಿಕೊಂಡರೆ, ಮೂತ್ರ ನೊರೆನೊರೆಯಾದರೆ ಅಂದೇ ತೋರಿಸಬೇಕು. ಲೂಪಸ್ ಮೂತ್ರಪಿಂಡಕ್ಕೆ ಇಳಿದಾಗ ಹೆಚ್ಚಾಗಿ ನೋವೇ ಇರುವುದಿಲ್ಲ.

ಪರೀಕ್ಷೆಗೊಂದು ಕ್ರಮವಿದೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಿಂದಲೇ ಶುರು ಮಾಡಬಹುದು. ರಕ್ತಕಣಗಳ ಎಣಿಕೆ, ಇಎಸ್‌ಆರ್, ಸಕ್ಕರೆ, ಥೈರಾಯ್ಡ್, ಮೂತ್ರದಲ್ಲಿ ಪ್ರೋಟೀನ್ ಇವು ಮೊದಲ ಸಾಲಿನವು. ಕಬ್ಬಿಣಾಂಶದ ಕೊರತೆ, ಕ್ಷಯ, ಕುಷ್ಠ, ತಿಂಗಳುಗಟ್ಟಲೆ ಕೀಲು ಕಾಡುವ ಚಿಕುನ್‌ಗುನ್ಯಾ ಇದೇ ಬಗೆಯ ತೊಂದರೆ ಕೊಡುವುದರಿಂದ ಅವು ಅಲ್ಲವೆಂದು ಖಚಿತವಾಗಬೇಕು. ಆಮೇಲೆ ಎಎನ್‌ಎ, ಆರ್‌ಎ ಫ್ಯಾಕ್ಟರ್, ಆಂಟಿ ಸಿಸಿಪಿ ಪರೀಕ್ಷೆಗಳು. ಎಎನ್‌ಎ ಪಾಸಿಟಿವ್ ಎಂದ ಮಾತ್ರಕ್ಕೆ ಲೂಪಸ್ ಅಲ್ಲ. ಆರೋಗ್ಯವಂತರಲ್ಲೂ ಅದು ಕಡಿಮೆ ಪ್ರಮಾಣದಲ್ಲಿ ಕಾಣುತ್ತದೆ. ಆರ್‌ಎ ಫ್ಯಾಕ್ಟರ್ ಕ್ಷಯ, ಕುಷ್ಠ ಇದ್ದವರಲ್ಲೂ ಬರಬಹುದು. ಅದು ನೆಗೆಟಿವ್ ಬಂದರೂ ಸಂಧಿವಾತ ಇರಬಹುದು. ಆದ್ದರಿಂದ ಲ್ಯಾಬಿನ ಒಂದು ಚೀಟಿ ನೋಡಿ ಹೆದರುವುದೂ ಬೇಡ, ನಿರಾಳವಾಗುವುದೂ ಬೇಡ. ಲಕ್ಷಣ, ದೇಹ ತಪಾಸಣೆ, ರಕ್ತ ಪರೀಕ್ಷೆ ಮೂರನ್ನೂ ಕೂಡಿಸಿ ತೀರ್ಮಾನಿಸುವ ತಜ್ಞರು ರುಮಟಾಲಜಿಸ್ಟ್.

ಇಂಥ ತಜ್ಞರು ಸಿಗುವುದು ಹೆಚ್ಚಾಗಿ ಮೈಸೂರು, ಬೆಂಗಳೂರಿನಲ್ಲಿ. ಬೆಟ್ಟದ ರಸ್ತೆಯ ಕೌದಳ್ಳಿಯಿಂದ ಹನೂರು, ಕೊಳ್ಳೇಗಾಲ ದಾಟಿ ಅಲ್ಲಿಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿಯೂ ಬಸ್ ಖರ್ಚೂ ಹೋದಂತೆ. ಅದಕ್ಕೇ ಮೊದಲು ಕೊಳ್ಳೇಗಾಲದ ಸರ್ಕಾರಿ ಆಸ್ಪತ್ರೆಯಲ್ಲೋ 2016ರಲ್ಲಿ ಆರಂಭವಾದ ಚಾಮರಾಜನಗರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲೋ ಫಿಜಿಶಿಯನ್‌ಗೆ ತೋರಿಸಿ, ಬೇಕಿದ್ದರೆ ರೆಫರಲ್ ಚೀಟಿ ಬರೆಸಿಕೊಂಡು ಮುಂದೆ ಹೋಗುವುದು ಮೇಲು. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಂಟು. ಹೊರರೋಗಿಗಳ ಎಲ್ಲ ಪರೀಕ್ಷೆಗಳೂ ಇದರಡಿ ಬಾರವು. ರೇಷನ್ ಕಾರ್ಡ್, ಆಧಾರ್ ಜೊತೆಗಿಟ್ಟುಕೊಂಡು ಮೊದಲೇ ವಿಚಾರಿಸಬೇಕು.

ದೂರ ಹೋಗಿ ಬರಿಗೈಲಿ ಬರುವಂತಾಗಬಾರದೆಂದರೆ ಸಿದ್ಧತೆ ಬೇಕು. ಹಳೆಯ ರಿಪೋರ್ಟುಗಳೆಲ್ಲ ತಾರೀಕಿನ ಕ್ರಮದಲ್ಲಿ ಒಂದೇ ಫೈಲಿನಲ್ಲಿರಲಿ. ಗಂಧೆ, ಊತ ಕಾಣಿಸಿದ ದಿನವೇ ಮೊಬೈಲಿನಲ್ಲಿ ಫೋಟೊ ತೆಗೆದಿಡಬೇಕು. ನುಂಗುತ್ತಿರುವ ಪ್ರತಿ ಮಾತ್ರೆಯ ಸ್ಟ್ರಿಪ್, ನಾಟಿ ಔಷಧಿಯ ಪೊಟ್ಟಣ ಸಹಿತ ತೋರಿಸಬೇಕು. ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಥೈರಾಯ್ಡ್, ಸಂಧಿವಾತ ಇದ್ದರೆ ಹೇಳಬೇಕು.

ಎಲ್ಲಕ್ಕಿಂತ ದೊಡ್ಡ ಅಪಾಯ ಚೀಟಿಯಿಲ್ಲದೆ ಕೊಳ್ಳುವ ಸ್ಟೀರಾಯ್ಡ್ ಗುಳಿಗೆ. ನುಂಗಿದ ಎರಡೇ ದಿನಕ್ಕೆ ನೋವು ಮಾಯವಾದಂತೆ ಅನಿಸುತ್ತದೆ, ನುಂಗುತ್ತಲೇ ಹೋದರೆ ಮುಖ ದುಂಡಗಾಗುತ್ತದೆ. ಒಳಗೊಳಗೆ ಮೂಳೆ ಸವೆದು, ಸಕ್ಕರೆ ಏರಿ, ಮೂಲ ರೋಗದ ಗುರುತೇ ಅಳಿಸುತ್ತದೆ. ಈಗಾಗಲೇ ತಿಂಗಳುಗಟ್ಟಲೆ ನುಂಗುತ್ತಿರುವವರು ದಿಢೀರನೆ ಬಿಟ್ಟರೂ ಜೀವಕ್ಕೆ ಕುತ್ತು. ವೈದ್ಯರು ಹೇಳಿದಂತೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ವೈದ್ಯರೇ ಲೆಕ್ಕ ಹಾಕಿ ಕೊಡುವ ಸ್ಟೀರಾಯ್ಡ್ ಇದೇ ರೋಗಗಳಲ್ಲಿ ಪ್ರಾಣ ಉಳಿಸುವ ಮದ್ದೂ ಹೌದು. ಮೆಡಿಕಲ್ ಸ್ಟೋರಿನವರು ಚೀಟಿ ಕೇಳದೆ ಇದನ್ನು ಕೊಡಬಾರದು.

ಹೆಸರು ಗೊತ್ತಾದ ರೋಗಕ್ಕೆ ದಾರಿಯಿದೆ. 1950ರ ದಶಕದಲ್ಲಿ ಲೂಪಸ್ ಬಂದವರಲ್ಲಿ ಐದು ವರ್ಷ ಬದುಕುತ್ತಿದ್ದವರು ಅರ್ಧದಷ್ಟು. ಇಂದು ಒಳ್ಳೆಯ ಚಿಕಿತ್ಸೆ ಸಿಕ್ಕರೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಆ ಅವಧಿ ದಾಟುತ್ತಾರೆ. ಮಲೇರಿಯಾಕ್ಕೆಂದು ಬಂದ ಹೈಡ್ರಾಕ್ಸಿಕ್ಲೋರೊಕ್ವಿನ್ ಇಂದು ಲೂಪಸ್‌ನ ಮುಖ್ಯ ಮದ್ದು. ಅದನ್ನು ನುಂಗುವವರು ವೈದ್ಯರು ಹೇಳಿದಾಗ ಕಣ್ಣು ಪರೀಕ್ಷಿಸಿಕೊಂಡರೆ ಸಾಕು. ಸಂಧಿವಾತಕ್ಕೆ ಮೊದಲ ಕೆಲವೇ ತಿಂಗಳಲ್ಲಿ ಮದ್ದು ಶುರುವಾದರೆ ಕೀಲು ಸೊಟ್ಟಗಾಗುವುದು ಬಹುಮಟ್ಟಿಗೆ ತಪ್ಪುತ್ತದೆ. ರೋಗ ಹತೋಟಿಯಲ್ಲಿದ್ದಾಗ, ವೈದ್ಯರ ಸಲಹೆಯಂತೆ, ಮದುವೆ, ಬಸುರು, ಬಾಣಂತನ ಎಲ್ಲವೂ ಸಾಧ್ಯ. ಹಾಗಾಗಿ ಸಂಬಂಧ ತಪ್ಪೀತೆಂದು ಮಗಳ ಕಾಯಿಲೆ ಮುಚ್ಚಿಡುವುದು ಬೇಡ. ಮಾದಪ್ಪನಿಗೆ ಹರಕೆ ಹೊತ್ತ ಮನೆಯವರು ಮೂತ್ರ ಪರೀಕ್ಷೆಯನ್ನೂ ಮಾಡಿಸಲಿ. ಆಶಾ ಕಾರ್ಯಕರ್ತೆಯರು, ಕಾಲೇಜಿನ ಅಧ್ಯಾಪಕರು ಆರು ವಾರ ದಾಟಿದ ನೋವಿನ ಮಾತು ಕೇಳಿದರೆ ಅಂಥವರನ್ನು ಆಸ್ಪತ್ರೆಗೆ ಕಳಿಸಲಿ. ಮನೆಯ ಒಬ್ಬರು ಜೊತೆಗೆ ಹೋಗಲಿ.