ಕಾಡಿನ ದಾಯಾದಿಯನ್ನು ಮರೆಯದಿರೋಣ

ಎಲೆ ತುಕ್ಕು ಎಂದೊಡನೆ ಬೆಳೆಗಾರರಾದ ನಮಗೆ ನೆನಪಾಗುವುದು ಬೋರ್ಡೋ ದ್ರಾವಣ. ಮೈಲುತುತ್ತ, ಸುಣ್ಣ, ಆಳಿನ ಕೂಲಿ ಇವುಗಳ ಲೆಕ್ಕ ಹಾಕುವುದರಲ್ಲೇ ಹಂಗಾಮು ಕಳೆದುಹೋಗುತ್ತದೆ. ಮದ್ದು ಬೇಕು, ಅನುಮಾನವಿಲ್ಲ. ಆದರೆ ರೋಗ ತಡೆಯುವ ಗುಣ ಗಿಡದ ವಂಶದಲ್ಲೇ ಇದ್ದರೆ ಖರ್ಚಿನ ಬಹುಪಾಲು ಉಳಿಯುತ್ತದೆ. ಆ ಗುಣ ಹೆಚ್ಚಾಗಿ ಬಂದಿರುವುದು ಕಾಡುಜಾತಿಗಳಿಂದ ಎಂಬುದು ಗಮನಿಸತಕ್ಕ ವಿಷಯ.

1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ತುಕ್ಕು ಅಲ್ಲಿನ ಕಾಫಿ ತೋಟಗಳನ್ನು ಹಾಳುಮಾಡಿತು; ಆ ನಾಡು ಚಹದ ಕಡೆಗೆ ತಿರುಗಿತು. ನಮ್ಮಲ್ಲಿ ಕೆಂಟ್ಸ್ ತಳಿ ಕೆಲಕಾಲ ತಡೆದು ನಿಂತಿತಾದರೂ ತುಕ್ಕಿನ ಹೊಸ ಪಂಗಡ ಅದನ್ನೂ ಬಿಡಲಿಲ್ಲ. ಆಗ ಕೈಹಿಡಿದದ್ದು ಅರೇಬಿಕಾ ಮತ್ತು ಆಫ್ರಿಕದ ಲೈಬೀರಿಕಾ ಜಾತಿ ತಾವಾಗಿಯೇ ಕೂಡಿ ಹುಟ್ಟಿದ ಒಂದು ಸಂಕರ. ಅದರ ಸಂತತಿಯಾದ ಎಸ್. 288ನ್ನು ಕೆಂಟ್ಸ್ ಜೊತೆ ಕೂಡಿಸಿ, 1925ರಲ್ಲಿ ಆರಂಭವಾದ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಎಸ್. 795ನ್ನು ಕೊಟ್ಟಿತು. ಸಿ.ಎಕ್ಸ್.ಆರ್. ರೋಬಸ್ಟಾದಲ್ಲಿಯೂ ಕಾಂಗೋ ನದೀತೀರದ ಕಾಂಜೆನ್ಸಿಸ್ ಜಾತಿಯ ಪಾಲಿದೆ. ಕಾವೇರಿ ಮತ್ತು 2007ರಲ್ಲಿ ಬಂದ ಚಂದ್ರಗಿರಿ ತಳಿಗಳಿಗೆ ತಡೆಗುಣ ಬಂದದ್ದು ಟೈಮೋರ್ ದ್ವೀಪದಲ್ಲಿ ಅರೇಬಿಕಾ, ರೋಬಸ್ಟಾಗಳು ಕೂಡಿದ ಗಿಡದಿಂದ. ದಾಯಾದಿ ಎಂದರೆ ವ್ಯಾಜ್ಯದ ನೆನಪಾಗುವುದು ಸಹಜ. ಕಾಫಿಯ ಮನೆಯನ್ನು ಉಳಿಸಿದವನು ಮಾತ್ರ ದಾಯಾದಿಯೇ.

ಕಾಡುಜಾತಿ ಬೆರೆತರೆ ರುಚಿ ಕೆಡುತ್ತದೆ ಎನ್ನುವವರಿದ್ದಾರೆ. ಎಸ್. 795ರ ಬಟ್ಟಲು ಅದಕ್ಕೆ ಸಾಕಷ್ಟು ಉತ್ತರ ಕೊಟ್ಟಿದೆ. ಹಾಗೆಂದು ಯಾವ ತಳಿಯೂ ಶಾಶ್ವತವಲ್ಲ. ಎಸ್. 795 ಈಗ ಮೊದಲಿನಂತೆ ತಡೆಯುತ್ತಿಲ್ಲ. ಕಾವೇರಿಗೂ ತುಕ್ಕು ಹತ್ತಿದೆ. ರೋಗ ಸುಮ್ಮನೆ ಕೂರುವುದಿಲ್ಲ, ಆದ್ದರಿಂದ ತಳಿಶೋಧನೆಯೂ ನಿಲ್ಲಬಾರದು. ಕಾಫಿ ಗಿಡ ಫಸಲಿಗೆ ಬರಲು ಮೂರು ನಾಲ್ಕು ವರ್ಷ ಬೇಕು. ಹೊಸ ತಳಿ ಸಿದ್ಧವಾಗಲು ದಶಕಗಳೇ ಬೇಕು. ಇತ್ತ 2019ರಲ್ಲಿ ಪ್ರಕಟವಾದ ಅಧ್ಯಯನದಂತೆ 124 ಕಾಫಿ ಜಾತಿಗಳ ಪೈಕಿ ಶೇಕಡ 60ರಷ್ಟು ಅಳಿವಿನ ಅಂಚಿನಲ್ಲಿವೆ. ನಮ್ಮ ಪಶ್ಚಿಮ ಘಟ್ಟದಲ್ಲೂ ಕಾಫಿಯ ಕಾಡುಬಂಧುಗಳಿವೆ. ಬೀಜದ ಮೂಲವೇ ಹೋದರೆ ವಿಜ್ಞಾನಿ ತಾನೇ ಏನು ಮಾಡಿಯಾನು?

ಕಾಳುಮೆಣಸಿನಲ್ಲಿ ದಕ್ಷಿಣ ಅಮೆರಿಕದ ಕೊಲುಬ್ರಿನಮ್ ಬುಡಕ್ಕೆ ಕಸಿ ಕಟ್ಟಿ ಸೊರಗು ರೋಗದಿಂದ ಬಳ್ಳಿ ಉಳಿಸಿಕೊಳ್ಳುವ ಕ್ರಮ ನಮ್ಮವರಿಗೆ ಗೊತ್ತು. ಅಡಿಕೆಗೆ ಮಾತ್ರ ಕೊಳೆರೋಗವನ್ನು ತಾನೇ ತಡೆಯಬಲ್ಲ ತಳಿ ಇನ್ನೂ ನಮ್ಮ ಕೈಗೆ ಬಂದಿಲ್ಲ. ಅಡಿಕೆಯ ಕಾಡುಬಂಧುಗಳ ಮೇಲೂ ಕಾಫಿಯಷ್ಟೇ ಶ್ರದ್ಧೆಯಿಂದ ಕೆಲಸ ನಡೆಯಬೇಕೆಂದು ಸರ್ಕಾರವನ್ನು ಒತ್ತಾಯಿಸುವುದು ಸಂಘದ ಕರ್ತವ್ಯ.

ನಮ್ಮ ಪಾಲಿನ ಕೆಲಸವೂ ಇದೆ. ಇಡೀ ತೋಟಕ್ಕೆ ಒಂದೇ ತಳಿ ಹಾಕುವುದು ಬೇಡ. ಹಳದಿ ಎಲೆ ರೋಗ ಹರಡಿದ ತೋಟದಲ್ಲಿ ಒಂದೆರಡು ಅಡಿಕೆ ಮರ ಹಸಿರಾಗಿಯೇ ನಿಂತಿದ್ದರೆ ಕಡಿಯದೆ ಸಂಶೋಧಕರಿಗೆ ತಿಳಿಸೋಣ. ದೇವರಕಾಡು, ಹಳ್ಳದ ಅಂಚಿನ ಕಾಡನ್ನು ಸವರದೆ ಬಿಡೋಣ. ಎರಡೆಕರೆಯ ಬೆಳೆಗಾರನಿಗೆ ಒಂದು ರೋಗವೇ ಮನೆ ಮುಳುಗಿಸಲು ಸಾಕು. ಆದುದರಿಂದ ಈ ಮಾತು ದೊಡ್ಡ ಎಸ್ಟೇಟಿಗಿಂತ ನಮಗೇ ಹೆಚ್ಚು ಅನ್ವಯಿಸುತ್ತದೆ.