ಕೊಕ್ಕಿನಲ್ಲಿರುವುದು ಕಾಳೋ, ಹುಳುವೋ?

ಕಡಲೆ ಹೊಲಕ್ಕೆ ಹಕ್ಕಿ ಇಳಿದೊಡನೆ ಕವಣೆ ಬೀಸುವುದು ನಮ್ಮಲ್ಲಿ ಅನೇಕರ ರೂಢಿ. ಜೋಳದ ತೆನೆಗೆ ಬೀಳುವ ಗಿಳಿಯ ಮಟ್ಟಿಗೆ ಇದು ಸರಿ. ಆದರೆ ಕಡಲೆಗೆ ಬರುವ ಕಾಜಾಣ, ಗೊರವಂಕಗಳು ಕಾಯಿಕೊರಕ ಹುಳುಗಳನ್ನು ಹೆಕ್ಕಿ ತಿನ್ನುತ್ತವೆ. ಅವು ಕೂರಲೆಂದೇ ಹೊಲದಲ್ಲಿ ಕವಲುಗೋಲು ನೆಡಲು ಸಲಹೆ ಮಾಡಲಾಗುತ್ತದೆ.

ದೂರದಿಂದ ಕೊಕ್ಕಿನಲ್ಲಿರುವುದು ಏನೆಂದು ತಿಳಿಯದು; ಹತ್ತಿರ ಹೋದರೆ ಹಕ್ಕಿ ಹಾರಿಹೋಗುತ್ತದೆ. ಇದಕ್ಕೆ ದೂರದರ್ಶಕದ ಹಿಂದೆ ಸಣ್ಣ ಜೂಮ್ ಕ್ಯಾಮೆರಾ ಜೋಡಿಸುವುದು ಒಳ್ಳೆಯ ಉಪಾಯ. 1999ರ ಸುಮಾರಿಗೆ ಮಲೇಷಿಯಾದ ಪಕ್ಷಿವೀಕ್ಷಕ ಲಾರೆನ್ಸ್ ಪೋ ಇದನ್ನು ಪ್ರಚಾರಕ್ಕೆ ತಂದರು. 20 ಪಟ್ಟಿನ ದೂರದರ್ಶಕದಲ್ಲಿ 40 ಮೀಟರ್ ದೂರದ ಹಕ್ಕಿ 2 ಮೀಟರಿನಲ್ಲಿದ್ದಂತೆ ಕಾಣುತ್ತದೆ.

ಕ್ಯಾಮೆರಾಕ್ಕೆ 3–4 ಪಟ್ಟಿನ ಜೂಮ್ ಸಾಕು; ಹೆಚ್ಚು ಜೂಮಿನದರ ಮಸೂರ ಮುಂದಕ್ಕೆ ಚಾಚಿ ಸರಿಯಾಗಿ ಹೊಂದದು. ಎರಡರ ಮಸೂರಗಳೂ ಒಂದೇ ನೇರದಲ್ಲಿರಬೇಕು. ಚಿತ್ರದ ಸುತ್ತ ಕಪ್ಪು ಉಂಗುರ ಕಂಡರೆ ಸ್ವಲ್ಪ ಜೂಮ್ ಹೆಚ್ಚಿಸಿರಿ. ಗಟ್ಟಿ ಮುಕ್ಕಾಲಿಯೂ 2 ಸೆಕೆಂಡಿನ ಟೈಮರೂ ಇದ್ದರೆ ಚಿತ್ರ ಅಲುಗದು.

ಪ್ರತಿಯೊಬ್ಬ ರೈತನೂ ಇದನ್ನು ಕೊಳ್ಳಬೇಕಾಗಿಲ್ಲ. ಊರಿನ ಶಾಲೆ ಅಥವಾ ಸಹಕಾರ ಸಂಘ ಒಂದು ಜೊತೆ ಇಟ್ಟುಕೊಂಡರೆ ಎಲ್ಲರಿಗೂ ಒದಗುತ್ತದೆ. ಕವಣೆ ಎತ್ತುವ ಮೊದಲು ಒಂದು ಚಿತ್ರ ತೆಗೆದು ನೋಡಿರಿ. ಕೊಕ್ಕಿನಲ್ಲಿ ಹುಳು ಕಂಡರೆ ಕವಣೆ ಕೆಳಗಿಡಿ; ಆ ಹಕ್ಕಿ ಕೂಲಿ ಕೇಳದ ಆಳು.