ಕಪ್ಪಾದ ಹಲ್ಲನ್ನು ಕಂಡು ಗಾಬರಿ ಏಕೆ?

ಮುಂಬಯಿಯ ಕನ್ನಡ ಸಂಘ-ಸಂಸ್ಥೆಗಳ ಉಚಿತ ವೈದ್ಯಕೀಯ ಶಿಬಿರಗಳಲ್ಲಿ ಕಣ್ಣು, ರಕ್ತದೊತ್ತಡ, ಸಕ್ಕರೆ ಕಾಯಿಲೆಯ ತಪಾಸಣೆಗೆ ಸಾಲು ನಿಲ್ಲುವವರೇ ಮಕ್ಕಳ ಹುಳುಕು ಹಲ್ಲಿನ ಮಾತು ಬಂದರೆ 'ಹಾಲು ಹಲ್ಲಲ್ಲವೇ, ಹೇಗೂ ಬಿದ್ದು ಹೋಗುತ್ತದೆ' ಎಂದು ಸುಮ್ಮನಾಗುವುದುಂಟು. ಆದರೆ ಹಾಲಿನ ದವಡೆ ಹಲ್ಲುಗಳು ಬೀಳುವುದು ಹತ್ತು-ಹನ್ನೆರಡನೆಯ ವಯಸ್ಸಿಗೆ. ನಾಲ್ಕು ವರ್ಷದ ಮಗು ಅಲ್ಲಿಯವರೆಗೂ ಅದೇ ಹಲ್ಲಿನಲ್ಲಿ ಅನ್ನ ಅಗಿಯಬೇಕು.

ಇಂತಹ ಹುಳುಕಿಗೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವ ಔಷಧಿಯಿದೆ. ಜಪಾನಿನಲ್ಲಿ 1970ರ ದಶಕದಿಂದಲೂ ಇದರ ಬಳಕೆಯಿದೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಸೂಜಿ ಬೇಡ, ಕೊರೆಯುವ ಯಂತ್ರ ಬೇಡ. ಹಲ್ಲನ್ನು ಒಣಗಿಸಿ ಒಂದು ಹನಿ ಸವರಿದರಾಯಿತು. ಅದರಲ್ಲಿನ ಬೆಳ್ಳಿ ರೋಗಾಣುಗಳನ್ನು ಕೊಲ್ಲುತ್ತದೆ, ಫ್ಲೋರೈಡ್ ಹಲ್ಲನ್ನು ಗಟ್ಟಿಗೊಳಿಸುತ್ತದೆ. ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಮತ್ತೆ ಹಚ್ಚಿಸಬೇಕಾಗುತ್ತದೆ.

ತೊಡಕು ಒಂದೇ. ಹುಳುಕು ಹಿಡಿದ ಭಾಗ ಶಾಶ್ವತವಾಗಿ ಕಪ್ಪಾಗುತ್ತದೆ. ಸಂಘದ ವಾರ್ಷಿಕೋತ್ಸವದಲ್ಲಿ ಕುಣಿಯಬೇಕಾದ ಮಗಳ ಬಾಯಲ್ಲಿ ಕಪ್ಪು ಕಲೆಯೇ ಎಂದು ತಾಯಂದಿರು ಹಿಂದೇಟು ಹಾಕಿದರೆ ಅದನ್ನು ಅಜ್ಞಾನವೆನ್ನಲಾಗದು. 2017ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲೂ ಹೆತ್ತವರಲ್ಲಿ ಸುಮಾರು ಮೂರನೇ ಎರಡರಷ್ಟು ಮಂದಿ ದವಡೆ ಹಲ್ಲಿನ ಕಲೆ ಪರವಾಗಿಲ್ಲ ಎಂದರೆ, ಮುಂದಿನ ಹಲ್ಲಿಗೆ ಹಾಗೆಂದವರು ಮೂರನೇ ಒಂದಕ್ಕಿಂತ ಕಡಿಮೆ. ಆದರೆ ಮಗುವಿಗೆ ಪೂರ್ಣ ಅರಿವಳಿಕೆ ಕೊಟ್ಟು ಚಿಕಿತ್ಸೆ ಮಾಡುವುದೊಂದೇ ಉಳಿದ ದಾರಿ ಎಂದಾಗ ಮುಂದಿನ ಹಲ್ಲಿಗೂ ಬಹುಪಾಲು ಮಂದಿ ಒಪ್ಪಿದರು. ತೂಗಿ ನೋಡಬೇಕಾದದ್ದು ಇದನ್ನೇ.

ನಾಮಕರಣಕ್ಕೆ ಬಂದ ಬೆಳ್ಳಿ ಲೋಟ ಕಪ್ಪಾಯಿತೆಂದು ನಮ್ಮಲ್ಲಿ ಯಾರೂ ಬಿಸಾಡುವುದಿಲ್ಲ. ಲೋಟವನ್ನು ತಿಕ್ಕಿದರೆ ಹೊಳೆಯುತ್ತದೆ, ಹಲ್ಲು ಹೊಳೆಯದು ಎಂಬುದೇನೋ ನಿಜ. ಆದರೆ ಹುಳುಕು ಹಲ್ಲು ಮೊದಲೇನೂ ಬೆಳ್ಳಗಿರಲಿಲ್ಲ, ಕಂದಾಗಿ ಕರಗುತ್ತಿತ್ತು. ಔಷಧಿಯ ನಂತರ ಗಟ್ಟಿಯಾಗಿ ಕಪ್ಪಾಗಿದ್ದರೆ ಹುಳುಕು ನಿಂತಿದೆ ಎಂದರ್ಥ. ಆರೋಗ್ಯವಂತ ಹಲ್ಲಿಗೆ ಕಲೆ ಹತ್ತುವುದಿಲ್ಲ. ತುಟಿಗೆ ತಗುಲಿದ್ದು ಕೆಲ ದಿನಗಳಲ್ಲಿ ಹೋಗುತ್ತದೆ. ಬೇಕೆಂದರೆ ಮೇಲೆ ಬಿಳಿ ಸಿಮೆಂಟು ತುಂಬಿಸಿ ಕಪ್ಪನ್ನು ಒಂದಿಷ್ಟು ಮರೆಮಾಡಬಹುದು.

ಹಾಗೆಂದು ಎಲ್ಲ ಹಲ್ಲಿಗೂ ಇದೇ ಮದ್ದಲ್ಲ. ರಾತ್ರಿ ನೋವಿನಿಂದ ಮಗು ಎದ್ದು ಅಳುತ್ತಿದ್ದರೆ, ವಸಡು ಊದಿ ಕೀವಾಗಿದ್ದರೆ ಬೇರೆ ಚಿಕಿತ್ಸೆಯೇ ಬೇಕು. ಬೆಳ್ಳಿಯ ಅಲರ್ಜಿ ಇರುವವರಿಗೆ ಇದು ಕೂಡದು. ರಾತ್ರಿ ಸಕ್ಕರೆ ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸುವ ರೂಢಿ ಬಿಡದಿದ್ದರೆ ಯಾವ ಔಷಧಿಯೂ ಸಾಲದು.

ಹೇಳದೆ ಹಚ್ಚಿ, ಮನೆಗೆ ಹೋದ ಮೇಲೆ ಕಪ್ಪಾಗಿ ಕಂಡರೆ ಹೆತ್ತವರು ಸಿಟ್ಟಾಗುವುದು ಸಹಜ. ಶಿಬಿರ ಏರ್ಪಡಿಸುವ ಸಂಘಗಳು ಚಿಕಿತ್ಸೆಗೆ ಮೊದಲೇ ಕಪ್ಪಾದ ಹಲ್ಲಿನ ಫೋಟೋ ತೋರಿಸಿ, ಕನ್ನಡದಲ್ಲಿಯೋ ತುಳುವಿನಲ್ಲಿಯೋ ವಿವರಿಸಿ, ಅನಂತರವೇ ಒಪ್ಪಿಗೆಗೆ ಸಹಿ ಹಾಕಿಸಿಕೊಳ್ಳಲಿ.